ಪ್ರಾಗಿಗೆ ಹೋದ ಶನಿವಾರ

ಕೆರಗೋಡು
18 ಮೇ 2025

ಪ್ರೀತಿಯ ಶೋಭಿತಾ,

ಮನೆಯ ಸೊಸೆಗೆ ಕಾಗದ ಬರೆಯುವಾಗ ಚಿ. ಸೌ. ಎಂದು ಶುರು ಮಾಡಬೇಕು ಅಂತ ನಮಗೆ ಸ್ಕೂಲಿನಲ್ಲಿ ಕಲಿಸಿದ್ದರು. ಚಿ. ಬರೆದೆ. ಸೌ. ಬರೆಯುವ ಹೊತ್ತಿಗೆ ಪೆನ್ನು ನಿಂತುಬಿಟ್ಟಿತು. ಬಿಟ್ಟು ಬರೆದರೆ ನಿನ್ನಿಂದ ಏನನ್ನೋ ಕಿತ್ತುಕೊಂಡ ಹಾಗೆ, ಬರೆದರೆ ಸುಳ್ಳು ಹೇಳಿದ ಹಾಗೆ. ಆ ಹಾಳೆ ಹರಿದುಹಾಕಿ ಹೊಸದರಲ್ಲಿ ಪ್ರೀತಿಯ ಎಂದು ಬರೆದಿದ್ದೇನೆ. ಇದರಲ್ಲಿ ಸುಳ್ಳಿಲ್ಲ.

ಫೋನು ಇರುವಾಗ ಇದೇನು ಅತ್ತೆಯ ಹೊಸ ಹುಚ್ಚು ಅನ್ನಬೇಡ. ಫೋನಿನಲ್ಲಿ ಊಟ ಆಯಿತಾ, ಚಳಿ ಇದೆಯಾ ಅನ್ನುವುದರಲ್ಲೇ ಮಾತು ಮುಗಿಯುತ್ತದೆ. ಪಕ್ಕದಲ್ಲಿ ನಿಮ್ಮ ಮಾವ ಟಿವಿ ಹಾಕಿಕೊಂಡು ಕೂತಿರುತ್ತಾರೆ. ಗೋಡೆಯಾಚೆ ನಿಮ್ಮ ಚಿಕ್ಕಮಾವ ಪುಟ್ಟರಾಜು ಮತ್ತು ಅವನ ಸಂಸಾರ, ಎಲ್ಲರ ಕಿವಿಯೂ ಇತ್ತಲೇ. ಅಂಗನವಾಡಿಯಲ್ಲಿದ್ದಷ್ಟು ಕಾಲ ಯಾರು ಯಾರಿಗೋ ವರದಿ ಬರೆದವಳು ನಾನು. ಮನೆಯ ಮಗಳಿಗೆ ನಾಲ್ಕು ಸಾಲು ಬರೆಯಲಾರೆನಾ? ಈ ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕುತ್ತೇನೆ. ನೀನೂ ಹಾಗೇ ಕೈಯಲ್ಲಿ ಬರೆದು ಕಳಿಸು, ಟೈಪು ಮಾಡಬೇಡ. ಅಕ್ಷರ ನೋಡಿದರೆ ನೀನು ಸರಿಯಾಗಿ ಊಟ ಮಾಡಿದ್ದೀಯೋ ಇಲ್ಲವೋ ನನಗೆ ಗೊತ್ತಾಗುತ್ತದೆ.

ನಾಲೆಗೆ ಇನ್ನೂ ನೀರು ಬಿಟ್ಟಿಲ್ಲ. ನಿಮ್ಮ ಮಾವ ದಿನಾ ಬೆಳಿಗ್ಗೆ ಹೋಗಿ ಒಣಗಿದ ನಾಲೆ ನೋಡಿಕೊಂಡು ಬರುತ್ತಾರೆ, ಅವರು ಹೋಗಿ ನೋಡದಿದ್ದರೆ ನೀರು ಬರುವುದೇ ಇಲ್ಲ ಅನ್ನುವ ಹಾಗೆ. ಸಂಘದ ಚಿಕ್ಕಬೋರಮ್ಮ ಸಿಕ್ಕಾಗಲೆಲ್ಲ ನಿನ್ನನ್ನು ಕೇಳುತ್ತಾಳೆ. "ನಿನ್ ಸೊಸೆ ಆ ದೇಸ್ದಲ್ಲಿ ಏನೇನ್ ನೋಡಿದ್ಲವ್ವಾ?" ನಾನು ಏನು ಹೇಳಲಿ? ನೀನು ಹೋಗಿ ಇಷ್ಟು ತಿಂಗಳಾಯಿತು. ಕಾಲೇಜು, ರೂಮು, ಅಂಗಡಿ, ಇಷ್ಟೇ ನಿನ್ನ ಬಾಯಲ್ಲಿ ಬರುವುದು. ಇಲ್ಲಿಯೂ ಹಾಗೇ ಇದ್ದೆ. ನನ್ನ ಮಗ ಸ್ವಾಮಿ ಹೋದ ಮೇಲೆ ನೀನು ಮಳವಳ್ಳಿಗೆ, ಅಪ್ಪನ ಮನೆಗೆ ಹೋಗುತ್ತೀ ಅಂತ ಊರೆಲ್ಲ ಅಂದುಕೊಂಡಿತ್ತು. ನೀನು ಹೋಗಲಿಲ್ಲ, ನಾನೂ ಕಳಿಸಲಿಲ್ಲ. ಆದರೆ ಮದ್ದೂರಿನ ಆಫೀಸಿಗೆ ಹೋಗುವುದು, ಬಸ್ಸಿಳಿದು ಬಂದು ಹಿತ್ತಲ ಕಲ್ಲಿನ ಮೇಲೆ ಕೂರುವುದು. ಅದನ್ನು ನೋಡಲಾರದೆಯೇ ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕು ಅಂತ ನಿನ್ನ ಬೆನ್ನು ಹತ್ತಿದ್ದು. ಅಲ್ಲಿಗೆ ಹೋಗಿಯೂ ಕಲ್ಲಿನ ಮೇಲೆ ಕೂರುವುದಾದರೆ ಇಲ್ಲಿನ ಕಲ್ಲು ಏನು ಪಾಪ ಮಾಡಿತ್ತು?

ಜೂನ್ ಹದಿನಾಲ್ಕು ಈ ಸಲ ಶನಿವಾರ ಬಿದ್ದಿದೆ. ಸ್ವಾಮಿಗೆ ಮೂರನೇ ವರ್ಷದ ಎಡೆ. ಮಧ್ಯಾಹ್ನ ಎಡೆ ಇಡುವ ಹೊತ್ತಿಗೆ ವಿಡಿಯೋ ಕಾಲ್ ಮಾಡು, ನೀನೂ ಇದ್ದ ಹಾಗಿರುತ್ತದೆ. ನಿನಗೆ ರಜೆಯೂ ಇರುತ್ತದಲ್ಲ.

ನಿನ್ನ ಅತ್ತೆ
ದೇವಿರಮ್ಮ

*

ಡ್ರೆಸ್ಡೆನ್
1 ಜೂನ್ 2025

ಪ್ರೀತಿಯ ಅತ್ತೆ,

ನಿಮ್ಮ ಕಾಗದವನ್ನು ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ಓದಿದೆ. ನಾನು ಕೈಯಲ್ಲಿ ಕನ್ನಡ ಬರೆದು ಎಷ್ಟು ಕಾಲವಾಯಿತೋ, ಒತ್ತಕ್ಷರಗಳೆಲ್ಲ ಕುಂಟುತ್ತಿವೆ. ಅದನ್ನು ನೋಡಿ ಊಟ ಮಾಡಿಲ್ಲ ಅಂದುಕೊಳ್ಳಬೇಡಿ. ಮಧ್ಯಾಹ್ನ ಅನ್ನ, ಹುಣಸೆಹಣ್ಣಿನ ಗೊಜ್ಜು.

ನೀವು ಬೈದಿದ್ದು ಸರಿಯಾದ ಸಮಯಕ್ಕೆ ಬಂತು. ನನ್ನ ಜೊತೆ ನೀರಿನ ವಿಷಯ ಓದುವ ಮೂವರು ಮತ್ತು ನಾನು ಆಗಾಗ ಒಟ್ಟಿಗೆ ಅಡುಗೆ ಮಾಡುತ್ತೇವೆ: ನಾಗಪುರದ ಅಮೃತ, ಇಂಡೊನೇಷ್ಯಾದ ರಿನಿ, ಕೊಲಂಬಿಯಾ ಅನ್ನುವ ದೇಶದ ಡೇನಿಯಲ್. ಅವರು ಪ್ರಾಗ್ ಅನ್ನುವ ಊರಿಗೆ ಹೊರಟಿದ್ದಾರೆ. ಅದು ಬೇರೆಯೇ ದೇಶ, ಆದರೆ ಇಲ್ಲಿಂದ ರೈಲಿನಲ್ಲಿ ಮಂಡ್ಯದಿಂದ ಬೆಂಗಳೂರಿಗೆ ಹೋಗಿಬಂದಷ್ಟೇ. ಜೂನ್ ಇಪ್ಪತ್ತೊಂದು, ಶನಿವಾರ ಹೋಗಿ ಭಾನುವಾರ ಬರುವುದು. ನನ್ನನ್ನೂ ಕರೆಯುತ್ತಿದ್ದಾರೆ. ಹಿಂದೆ ಎರಡು ಸಲ ಕರೆದಾಗ ಜ್ವರ ಅಂದೆ, ಓದುವುದಿದೆ ಅಂದೆ. ಈ ಸಲ ಅಮೃತ, "ನಿನಗೆ ನಾವು ಇಷ್ಟವಿಲ್ಲ ಅಂದರೆ ಹೇಳಿಬಿಡು" ಎಂದಳು.

ಇಷ್ಟವಿಲ್ಲದೆ ಏನು ಅತ್ತೆ. ಆದರೆ ಅವರಿಗೆ ನನ್ನ ವಿಷಯ ಏನೂ ಗೊತ್ತಿಲ್ಲ. ನನಗೆ ಮದುವೆಯಾಗಿತ್ತು ಅನ್ನುವುದನ್ನೇ ಹೇಳಿಲ್ಲ. ಬಂದ ಹೊಸತರಲ್ಲಿ ಹೇಳುವ ಸಂದರ್ಭ ಬರಲಿಲ್ಲ, ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಅನ್ನುತ್ತಾರೆ. ಊರಿನಲ್ಲಿ ನನ್ನ ಮುಖ ನೋಡಿದರೆ ಸಾಕು, ಎಲ್ಲರೂ ದನಿ ಇಳಿಸಿ ಮಾತಾಡುತ್ತಿದ್ದರು. ಇಲ್ಲಿ ಯಾರೂ ದನಿ ಇಳಿಸುವುದಿಲ್ಲ. ರಿನಿ ನನ್ನ ಮೇಲೆ ಕೂಗಾಡುತ್ತಾಳೆ, ಪಾತ್ರೆ ಸರಿಯಾಗಿ ತೊಳೆದಿಲ್ಲ ಅಂತ. ಅದು ನನಗೆ ಹಿತವಾಗಿರುತ್ತದೆ. ಹೀಗೆ ಅನ್ನಿಸುವುದು ತಪ್ಪೋ ಏನೋ.

ಹೋಗಲಾ, ಬೇಡವಾ? ನೀವು ಹೇಳಿದ ಹಾಗೆ.

ಹದಿನಾಲ್ಕಕ್ಕೆ ಖಂಡಿತ ಕಾಲ್ ಮಾಡುತ್ತೇನೆ. ಮಾವನಿಗೆ ನಾಲೆಗೆ ನೀರು ಬಂದ ದಿನ ಫೋಟೋ ಕಳಿಸಲು ಹೇಳಿ.

ನಿಮ್ಮ
ಶೋಭಿತಾ

*

ಕೆರಗೋಡು
5 ಜೂನ್ 2025

ಶೋಭಿತಾ,

ಹೋಗು. ಇದನ್ನು ಕೇಳುವುದಕ್ಕೆ ಒಂದು ಪುಟ ಬರೆದೆಯಾ?

ಚಪ್ಪಲಿ ಬೇಡ, ಶೂ ಹಾಕಿಕೊ. ಚಟ್ನಿಪುಡಿ ಒಂದು ಡಬ್ಬಿಯಲ್ಲಿ ಕಟ್ಟಿಕೊ, ಅಲ್ಲಿ ಏನು ಸಿಗುತ್ತದೋ ಏನೋ. ಪಾಸ್‌ಪೋರ್ಟು ಬ್ಯಾಗಿನ ಹೊರಗಿನ ಜೇಬಿನಲ್ಲಿ ಇಡಬೇಡ. ಆ ಡೇನಿಯಲ್ಲು ಒಳ್ಳೆ ಹುಡುಗನಾ? ನಾನು ಸುಮ್ಮನೆ ಕೇಳಿದೆ, ನೀನು ಉತ್ತರ ಬರೆಯಬೇಕಾಗಿಲ್ಲ. ಫೋಟೋ ಮಾತ್ರ ಬೇಕಾದಷ್ಟು ತೆಗಿ. ನಿನ್ನ ಫೋಟೋ. ಬರೀ ಕಟ್ಟಡದ ಫೋಟೋ ಕಳಿಸಿದರೆ ನೋಡುವುದಿಲ್ಲ.

ನಿಮ್ಮ ಮಾವ ಕೇಳಿದರು, "ಆ ಊರಲ್ಲಿ ನದಿ ಐತಾ?" ಅಂತ. ಇದ್ದರೆ ಅದರ ಅಗಲ ಎಷ್ಟು ಅಂತ ನೋಡಿಕೊಂಡು ಬರಬೇಕಂತೆ.

ನಿನ್ನ ಅತ್ತೆ
ದೇವಿರಮ್ಮ

*

ಪ್ರಾಗಿನಿಂದ ಬರುವ ರೈಲಿನಲ್ಲಿ
15 ಜೂನ್ 2025

ಪ್ರೀತಿಯ ಅತ್ತೆ,

ಅಕ್ಷರ ಅಲುಗಾಡಿದ್ದರೆ ಅದು ರೈಲಿನ ತಪ್ಪು. ಹೋಗಿಬಂದೆ! ಅಮೃತಳ ಒಂದು ಪರೀಕ್ಷೆ ಇಪ್ಪತ್ಮೂರಕ್ಕೆ ಬಂದುಬಿಟ್ಟಿತು. ಗುರುವಾರ ಬಂದು, "ಮುಂದಿನ ವಾರ ಆಗಲ್ಲ, ಈ ವಾರವೇ ಹೋಗೋಣ, ಇಲ್ಲವೆಂದರೆ ಇಲ್ಲ" ಎಂದಳು. ಯೋಚನೆ ಮಾಡುವುದಕ್ಕೇ ಬಿಡಲಿಲ್ಲ. ಬಟ್ಟೆ ತುಂಬಿದ್ದು, ಶನಿವಾರ ನಸುಕಿಗೇ ಎದ್ದು ಸ್ಟೇಷನ್ನಿಗೆ ಓಡಿದ್ದು, ಡೇನಿಯಲ್ ಪಾಸ್‌ಪೋರ್ಟ್ ಮರೆತು ವಾಪಸ್ ಓಡಿದ್ದು, ರೈಲು ಹೊರಡುವ ಗಳಿಗೆಯಲ್ಲಿ ಅವನ ಕಾಲರ್ ಹಿಡಿದು ರಿನಿ ಒಳಗೆ ಎಳೆದುಕೊಂಡಿದ್ದು. ಪುಣ್ಯಕ್ಕೆ ನನ್ನ ಪಾಸ್‌ಪೋರ್ಟು ಒಳಗಿನ ಜೇಬಿನಲ್ಲಿತ್ತು.

ರೈಲು ಉದ್ದಕ್ಕೂ ನದಿಯ ಪಕ್ಕದಲ್ಲೇ ಹೋಗುತ್ತದೆ. ಇತ್ತ ನೀರು, ಅತ್ತ ಬಂಡೆ. ಪ್ರಾಗಿನ ನದಿಯ ಹೆಸರು ವಲ್ಟಾವಾ. ಅದು ಮುಂದೆ ಹೋಗಿ ನಮ್ಮ ಡ್ರೆಸ್ಡೆನ್ನಿನ ನದಿಗೇ ಸೇರುತ್ತದೆ. ಅಂದರೆ ನಿನ್ನೆ ನಾನು ಸೇತುವೆಯ ಮೇಲೆ ನಿಂತು ನೋಡಿದ ನೀರು ಇನ್ನು ಕೆಲವು ದಿನದಲ್ಲಿ ನನ್ನ ರೂಮಿನ ಹತ್ತಿರ ಹರಿದು ಬರುತ್ತದೆ. ಮಾವನಿಗೆ ಹೇಳಿ, ನಮ್ಮ ಶಿಂಷೆಗಿಂತ ತುಂಬಾ ಅಗಲ, ಕಾವೇರಿಗೆ ಸಮ ಅಲ್ಲ. ನಡುವೆ ಅಡ್ಡಲಾಗಿ ಸಣ್ಣ ಕಟ್ಟೆ ಕಟ್ಟಿದ್ದಾರೆ. ನೀರು ಅದರ ಮೇಲೆ ಸೆರಗು ಹಾಸಿದ ಹಾಗೆ ಇಳಿಯುತ್ತದೆ. ಎಲ್ಲರೂ ಅರಮನೆಯ ಫೋಟೋ ತೆಗೆಯುತ್ತಿದ್ದರೆ ನಾವು ನಾಲ್ಕು ಜನ ಕಟ್ಟೆ ನೋಡುತ್ತಾ ನಿಂತಿದ್ದೆವು. ಒಂದು ಮನೆಯ ಗೋಡೆಯ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಹಿಂದೊಮ್ಮೆ ಪ್ರವಾಹದ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಗೆರೆ ಹಾಕಿದ್ದಾರೆ.

ಊರಿನ ನಡುವೆ ಒಂದು ಹಳೆಯ ಗಡಿಯಾರ. ಅದನ್ನು ನೋಡಲು ಪ್ರತಿ ಗಂಟೆಗೂ ಜನ ಸೇರುತ್ತಾರೆ. ಮುಳ್ಳು ಗಂಟೆಗೆ ಬಂದ ಕೂಡಲೇ ಪಕ್ಕದಲ್ಲಿ ನಿಂತ ಅಸ್ಥಿಪಂಜರದ ಗೊಂಬೆ ಹಗ್ಗ ಎಳೆದು ಗಂಟೆ ಹೊಡೆಯುತ್ತದೆ, ಹೊರಡಿ ಹೊರಡಿ ಅನ್ನುವ ಹಾಗೆ ತಲೆ ಆಡಿಸುತ್ತದೆ. ಅಕ್ಕಪಕ್ಕದ ಗೊಂಬೆಗಳು ಊಹೂಂ, ನಾವು ಬರುವುದಿಲ್ಲ ಅಂತ ತಲೆ ಅಲ್ಲಾಡಿಸುತ್ತವೆ. ಡೇನಿಯಲ್ಲೂ ಹಾಗೇ ತಲೆ ಅಲ್ಲಾಡಿಸಿ ತೋರಿಸಿದ. ನಾನು ಎಷ್ಟು ನಕ್ಕೆನೆಂದರೆ ಮುಂದಿದ್ದ ಅಜ್ಜಿಯೊಬ್ಬರು ತಿರುಗಿ ನೋಡಿ, ಅವರೂ ನಗತೊಡಗಿದರು. ಆಮೇಲೆ ಕಬ್ಬಿಣದ ಸಲಾಕೆಗೆ ಹಿಟ್ಟು ಸುತ್ತಿ ಕೆಂಡದ ಮೇಲೆ ಸುಟ್ಟು ಸಕ್ಕರೆ ಹಚ್ಚಿದ ಒಂದು ತಿಂಡಿ ತಿಂದೆವು. ಅದಕ್ಕೆ ನಿಮ್ಮ ಚಟ್ನಿಪುಡಿ ಹಚ್ಚಿ ತಿಂದವಳು ರಿನಿ ಒಬ್ಬಳೇ.

ಸೇತುವೆಯ ಮೇಲಿನ ಫೋಟೋ ಸ್ಟೇಟಸ್ಸಿಗೆ ಹಾಕಿದ್ದೇನೆ, ನೋಡಿದ್ದೀರಿ ತಾನೆ? ಇದರ ಜೊತೆ ಇನ್ನೂ ಕಳಿಸುತ್ತಿದ್ದೇನೆ. ಎಲ್ಲದರಲ್ಲೂ ನಾನಿದ್ದೇನೆ, ನೀವು ಹೇಳಿದ ಹಾಗೆ.

ಅತ್ತೆ, ನೀವು ಹೋಗು ಅಂದಿದ್ದಕ್ಕೆ ಹೋದೆ. ಎಷ್ಟು ಒಳ್ಳೆಯದಾಯಿತು ಅಂತ ಹೇಗೆ ಬರೆಯುವುದೋ ಗೊತ್ತಾಗುತ್ತಿಲ್ಲ.

ನಿಮ್ಮ
ಶೋಭಿತಾ

*

ಕೆರಗೋಡು
16 ಜೂನ್ 2025

ಶೋಭಿತಾಳಿಗೆ,

ಕಾಗದವೂ ಫೋಟೋಗಳೂ ಬಂದವು. ಊರು ಚೆನ್ನಾಗಿದೆ. ಇಲ್ಲಿ ಎಲ್ಲರೂ ಕ್ಷೇಮ.

ಶನಿವಾರ ಎಡೆ ಆಯಿತು. ಚಿಕ್ಕಬೋರಮ್ಮ ಬಂದಿದ್ದಳು.

ಚಳಿಯಲ್ಲಿ ತಿರುಗಿ ನೆಗಡಿ ಮಾಡಿಕೊಳ್ಳಬೇಡ.

ದೇವಿರಮ್ಮ

*

ಡ್ರೆಸ್ಡೆನ್
17 ಜೂನ್ 2025

ಅತ್ತೆ,

ನಿಮ್ಮ ಕಾಗದ ಬರುವುದಕ್ಕೆ ಮುಂಚೆಯೇ ಗೊತ್ತಾಗಿತ್ತು. ಸೋಮವಾರ ಲ್ಯಾಬಿನಲ್ಲಿ ನೀರು ತುಂಬಿದ ಬಾಟಲಿಗಳಿಗೆ ಚೀಟಿ ಅಂಟಿಸುತ್ತಿದ್ದೆ. ಚೀಟಿಯಲ್ಲಿ ತಾರೀಕು ಬರೆಯಬೇಕು. ಹದಿನಾರು ಅಂತ ಬರೆದೆ. ಹದಿನಾರಾದರೆ ಹದಿನಾಲ್ಕು ಯಾವತ್ತು ಹೋಯಿತು ಅಂತ ಲೆಕ್ಕ ಹಾಕುತ್ತಾ ನಿಂತೆ, ಬೇರೆ ಯಾರದೋ ಲೆಕ್ಕ ಹಾಕುವ ಹಾಗೆ. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ರಿನಿ ಬಂದು ಏನಾಯಿತು ಅಂದಳು. ತಲೆನೋವು ಅಂದೆ.

ನೆಪ ಹೇಳುವುದಿಲ್ಲ. ಪ್ರಯಾಣದ ದಿನ ಬದಲಾಯಿತು ಅನ್ನಬಹುದು. ಆದರೆ ಶುಕ್ರವಾರ ಬಟ್ಟೆ ತುಂಬುವಾಗ, ಶನಿವಾರ ಏಳುವಾಗ, ಸೇತುವೆಯ ಮೇಲೆ, ಆ ಗಡಿಯಾರದ ಮುಂದೆ, ಒಂದು ಸಲವೂ ನೆನಪಾಗಲಿಲ್ಲ. ನೀವು ಅಲ್ಲಿ ಎಡೆ ಇಟ್ಟು ಕಾಯುತ್ತಿದ್ದ ಹೊತ್ತಿಗೆ ನಾನು ರೈಲಿನ ಕಿಟಕಿಯಲ್ಲಿ ಬಂಡೆ ನೋಡುತ್ತಿದ್ದೆ. ಹೋದ ವರ್ಷ, ಅದರ ಹಿಂದಿನ ವರ್ಷ, ಜೂನ್ ತಿಂಗಳು ಹುಟ್ಟಿದರೆ ಸಾಕು ನನಗೆ ಅನ್ನ ಇಳಿಯುತ್ತಿರಲಿಲ್ಲ. ಈ ವರ್ಷ ಆ ದಿನವೇ ಸಂತೋಷವಾಗಿದ್ದೆ. ಅದು ನನಗೆ ತಡೆಯಲಾಗುತ್ತಿಲ್ಲ. ಆ ಅಸ್ಥಿಪಂಜರದ ವಿಷಯ ಬೇರೆ ನಿಮಗೇ ಬರೆದೆ, ನಗುತ್ತಾ.

ಕಾಗದದ ಕೊನೆಯಲ್ಲಿ ಬರೀ ದೇವಿರಮ್ಮ ಅಂತ ಸಹಿ ಹಾಕಿದ್ದೀರಿ.

ಫೋನು ಮಾಡಿದೆ. ನೀವು ತೆಗೆಯಲಿಲ್ಲ. ಬೈಯುವುದಾದರೆ ಬೈದುಬಿಡಿ. ಸುಮ್ಮನಿರಬೇಡಿ ಅತ್ತೆ.

ಶೋಭಿತಾ

*

ಕೆರಗೋಡು
6 ಜುಲೈ 2025

ಮಗ ಶೋಭಿತಾ,

ನಿನ್ನ ಮಾವ ಜವರಯ್ಯ ಬರೆಯುತ್ತಿರುವುದು. ನನಗೆ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದು. ನಿಮ್ಮತ್ತೆ ಸಂಘದ ಮೀಟಿಂಗಿಗೆ ಹೋಗಿದ್ದಾಳೆ. ಬರುವುದರೊಳಗೆ ಬರೆದು ಫೋಟೋ ಕಳಿಸಬೇಕು.

ನೀನು ದಿನಾ ಫೋನು ಮಾಡುತ್ತೀ, ನಾನು ತೆಗೆಯುತ್ತೇನೆ, ಅವಳು ಒಳಗೆ ಕೆಲಸ ಐತೆ ಅನ್ನುತ್ತಾಳೆ. ಒಳಗೆ ಅಂಥ ಕೆಲಸ ಏನಿಲ್ಲ ಅಂತ ನಿನಗೂ ಗೊತ್ತು. ಅದಕ್ಕೇ ಆವತ್ತು ಏನಾಯಿತು ಅಂತ ನಾನೇ ಬರೆಯುತ್ತೇನೆ.

ಎಡೆ ದಿನ ಅವಳು ನಾಟಿಕೋಳಿ ಸಾರು, ಒತ್ತುಶ್ಯಾವಿಗೆ ಮಾಡಿದ್ದಳು. ಸ್ವಾಮಿ ಪಟದ ಮುಂದೆ ಎಲೆ ಹಾಕಿ, ನಿನಗೆ ಕಾಣಲಿ ಅಂತ ಫೋನನ್ನು ಒಂದು ಚೊಂಬಿಗೆ ಒರಗಿಸಿ ನಿಲ್ಲಿಸಿದಳು. ನೀನೇ ಫೋನು ಮಾಡೇ ಅಂದೆ. "ಅವ್ಳೇ ಮಾಡ್ತಾಳೆ ಬುಡು" ಅಂದಳು. ಸಾರು ಆರಿತು. ಶ್ಯಾವಿಗೆ ಒಣಗಿತು. ಚಿಕ್ಕಬೋರಮ್ಮ ಎಲೆ ಎತ್ತು ಅಂತ ಹೇಳಿದ ಮೇಲೆ ಎತ್ತಿದಳು. ಸಂಜೆ ನಿನ್ನ ಫೋಟೋ ಬಂತು, ಸೇತುವೆ ಮೇಲಿನದು. ನೋಡಿ ಫೋನು ಕೆಳಗಿಟ್ಟಳು. ಊಟ ಮಾಡಲಿಲ್ಲ.

ಮಾರನೇ ದಿನ ನನ್ನ ತಮ್ಮ ಪುಟ್ಟರಾಜು ಬಂದ. ಅವನೂ ಆ ಫೋಟೋ ನೋಡಿದ್ದ.

"ಏನತ್ತಿಗೆ, ನಿನ್ ಸೊಸೆ ಪೋಟೊ ನೋಡ್ದಾ? ಸ್ವಾಮಿ ಎಡೆ ದಿನವೇ ಅಲ್ ಕಿಸ್ಕಂಡು ನಿಂತವ್ಳೆ. ಪಕ್ದಲ್ಲಿ ಇನ್ನೊಬ್ಬ ಬೇರೆ."

ನಿಮ್ಮತ್ತೆ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ನೋಡ್ದೆ ಕಣಪ್ಪ. ನಾನೇ ಓಗು ಅಂದಿದ್ದು."

"ನೀನು ಓಗು ಅಂದ್ರೆ ಅವ್ಳು ದಿನ ನೋಡ್ಕಬೇಡ್ವಾ? ನಮ್ಮನೆ ಮಾನ..."

ಆಗ ಎದ್ದಳು ನೋಡು ಮಗ. ಮೊರ ಹಾಗೇ ಕೈಯಲ್ಲಿತ್ತು. "ಯಾವ ಮಾನ್ಲಾ? ಅವ್ಳು ಇತ್ಲಲ್ಲಿ ಕೂತು ಕಣ್ಣೀರ್ ಆಕ್ತಿದ್ದಾಗ ಬಂದು ಒಂದ್ ಮಾತಾಡಿಸ್ದಾ ನೀನು? ಮೂರು ವರ್ಸ ಆಗಿತ್ತು ಅವ್ಳ ಅಲ್ಲು ನೋಡಿ. ನಗ್ತಾವ್ಳೆ, ನಗ್ಲಿ. ನಿನ್ಗೇನ್ಲಾ ಕಷ್ಟ? ಓಗು, ನಿನ್ ಮನೆ ನೋಡ್ಕೊ."

ಪುಟ್ಟರಾಜು ಹೊರಟುಹೋದ. ಈಗಲೂ ನಮ್ಮ ಅಂಗಳ ದಾಟುವಾಗ ಅತ್ತ ತಿರುಗಿಕೊಂಡು ಹೋಗುತ್ತಾನೆ. ಅವನು ಹೋದ ಮೇಲೆ ಇವಳು ಮೊರ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಅಕ್ಕಿ ಎಲ್ಲ ನೆಲಕ್ಕೆ ಚೆಲ್ಲಿತ್ತು. ನಾನು ಆರಿಸಿದೆ.

ಅವಳಿಗೆ ಕೋಪ ಇರುವುದು ನಿಜ. ಯಾರ ಮೇಲೆ ಅಂತ ಅವಳಿಗೇ ಗೊತ್ತಾಗುತ್ತಿಲ್ಲ ಅಂತ ನನ್ನ ಅನಿಸಿಕೆ. ನೀನು ಸ್ವಲ್ಪ ತಾಳಿಕೊ. ನಾಲೆಗೆ ನೀರು ಬಂದಿದೆ. ಫೋಟೋ ಜೊತೆಯಲ್ಲಿದೆ.

ನಿನ್ನ ಮಾವ
ಜವರಯ್ಯ

*

ಕೆರಗೋಡು
3 ಆಗಸ್ಟ್ 2025

ಪ್ರೀತಿಯ ಶೋಭಿತಾ,

ಇಷ್ಟು ದಿನ ಬರೆಯಲಿಲ್ಲ. ನಿಮ್ಮ ಮಾವ ಕದ್ದು ಬರೆದದ್ದನ್ನು ಓದಿದೆ, ಫೋನಿನಲ್ಲಿ ಫೋಟೋ ಹಾಗೇ ಬಿಟ್ಟಿದ್ದರು. ಕದಿಯುವುದಕ್ಕೂ ಬರದ ಮನುಷ್ಯ.

ಕೋಪ ಬಂದಿತ್ತು. ಬಂದಿರಲಿಲ್ಲ ಅಂತ ದೊಡ್ಡಸ್ತಿಕೆ ತೋರಿಸುವುದಿಲ್ಲ. ಪುಟ್ಟರಾಜುವಿನ ಮುಂದೆ ನಿನ್ನ ಪರ ನಿಂತು ಕೂಗಾಡಿದೆ. ಆದರೆ ಅವನು ಆಡಿದ ಮಾತು ಅದಕ್ಕೂ ಮುಂಚೆಯೇ ನನ್ನ ಹೊಟ್ಟೆಯೊಳಗೂ ಇತ್ತು. ಹಿಂದಿನ ದಿನ ಸಂಜೆಯೆಲ್ಲ ನಾನು ಮನಸ್ಸಿನಲ್ಲಿ ನಿನ್ನನ್ನು ಅದೇ ಮಾತಿನಲ್ಲಿ ಬೈದಿದ್ದೆ. ಅವನ ಬಾಯಲ್ಲಿ ಕೇಳಿದಾಗ ಅದು ಎಷ್ಟು ಕೊಳಕಾಗಿದೆ ಅಂತ ಗೊತ್ತಾಯಿತು. ಆಮೇಲೆ ನಿನಗೆ ಏನು ಬರೆಯಲಿ? ಪರವಾಗಿಲ್ಲ ಬಿಡು ಅಂತ ಬರೆದರೆ ಅದು ಬಾಯಿಮಾತು. ಬಾಯಿಮಾತು ಬರೆಯುವುದಕ್ಕೆ ಹಾಳೆ ಯಾಕೆ ಹಾಳು ಮಾಡುವುದು ಅಂತ ಸುಮ್ಮನಿದ್ದೆ. ನಿನ್ನನ್ನು ಸಂಕಟಕ್ಕೆ ಹಾಕಿದೆ.

ಮೊನ್ನೆ ಗುರುವಾರ ಒಂದು ಸಂಗತಿ ನಡೆಯಿತು, ಅದನ್ನು ಹೇಳುತ್ತೇನೆ ಕೇಳು.

ಚಿಕ್ಕಬೋರಮ್ಮನ ತಂಗಿ ಸೋಮಮ್ಮ ಜಲಪಾತದ ಮಗ್ಗುಲ ಬ್ಲಫ್ ಅನ್ನುವ ಊರಿನಲ್ಲಿದ್ದಾಳೆ, ಅವಳ ಗಂಡನಿಗೆ ಅಲ್ಲಿನ ಪವರ್ ಹೌಸಿನಲ್ಲಿ ಕೆಲಸ. ಹೊಳೆ ತುಂಬಿ ಬಂದಿದೆ, ಗಗನಚುಕ್ಕಿ ನೋಡುವ ಹಾಗಿದೆ, ಎಲ್ಲರೂ ಬನ್ನಿ ಅಂತ ಹೇಳಿ ಕಳಿಸಿದ್ದಳು. ಸಂಘದ ಹೆಂಗಸರೆಲ್ಲ ಒಂದು ಟೆಂಪೋ ಮಾಡಿಕೊಂಡು ಹೊರಟರು. ಪ್ರತಿ ವರ್ಷವೂ ಕರೆಯುತ್ತಾರೆ, ಸ್ವಾಮಿ ಹೋದ ಮೇಲೆ ನಾನು ಹೋಗಿರಲಿಲ್ಲ. ಈ ಸಲ ಚಿಕ್ಕಬೋರಮ್ಮ ಬಾಗಿಲಲ್ಲೇ ಕೂತಳು. "ಸೊಸೆಗೆ ಓಗು ಓಗು ಅಂತೀಯ, ನೀನು ಮಾತ್ರ ಗೂಟ ಒಡ್ಕಂಡು ಕೂತಿದ್ದೀಯ. ಏಳವ್ವ. ನೀರ್ ನೋಡಕ್ ಓಗದು, ಮದ್ವೆಗಲ್ಲ." ಸೀರೆ ಬದಲಾಯಿಸಿಕೊಂಡು ಹೊರಟೆ.

ಮಂಡ್ಯ ದಾಟಿ ಮಳವಳ್ಳಿ ಬರುವವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದೆ. ಆಮೇಲೆ ಏನಾಯಿತೋ ಗೊತ್ತಿಲ್ಲ. ಅಬ್ಬರ ಅಂದರೆ ಅಂಥಾ ಅಬ್ಬರ ಕಣಮ್ಮ, ಟೆಂಪೋ ಇಳಿಯುವಾಗಲೇ ಕೇಳಿಸುತ್ತಿತ್ತು. ಕಂಬಿಯ ಹತ್ತಿರ ನಿಂತರೆ ಹನಿ ಬಂದು ಮುಖಕ್ಕೆ ಹೊಡೆಯುತ್ತದೆ, ಕನ್ನಡಕ ಒರೆಸಿದಷ್ಟೂ ಒದ್ದೆ. ನೀನು ಚಿಕ್ಕವಳಾಗಿದ್ದಾಗ ಎಷ್ಟು ಸಲ ನೋಡಿದ್ದೀಯೋ, ನಿಮ್ಮೂರ ಮಗ್ಗುಲಲ್ಲೇ ಇದೆಯಲ್ಲ. ಚಿಕ್ಕಬೋರಮ್ಮ ಸುಟ್ಟ ಮುಸುಕಿನ ಜೋಳ ತೆಗೆದುಕೊಂಡಳು. ಒಂದು ಸಲ ಬಾಯಿ ಹಾಕಿಲ್ಲ, ಕೋತಿ ಬಂದು ಕಿತ್ತುಕೊಂಡು ಹೋಗಿ ಕಂಬಿ ಮೇಲೆ ಕೂತಿತು. ಇವಳು ಸುಮ್ಮನಿರಬೇಕಲ್ಲ. ಸೊಂಟಕ್ಕೆ ಸೆರಗು ಸಿಗಿಸಿ, ಗಂಡನನ್ನು ಬೈಯುವ ಹಾಗೆ ಅದನ್ನು ಬೈಯತೊಡಗಿದಳು. "ಲೇ, ಕಾಸ್ ಕೊಟ್ಟು ತಗಂಡಿರದು ಕಣ್ಲಾ ಅದು! ಬಾರ್ಲಾ ಇಲ್ಲಿ! ನಿಮ್ಮಪ್ಪನ್ ಮನೇದಾ?" ಕೋತಿ ಅವಳ ಮುಖವನ್ನೇ ನೋಡುತ್ತಾ ಒಂದೊಂದೇ ಕಾಳು ಬಿಡಿಸಿ ತಿನ್ನುತ್ತಿತ್ತು. ನಗು ತಡೆಯಲಾರದೆ ನಾನು ಒದ್ದೆ ನೆಲದ ಮೇಲೇ ಕುಸಿದು ಕೂತೆ. ಎಬ್ಬಿಸಲು ಬಂದ ಸೋಮಮ್ಮನೂ ನನ್ನ ಪಕ್ಕಕ್ಕೇ ಬಿದ್ದಳು. ನೋಡುವ ಜನ ನಮಗೆ ಹುಚ್ಚು ಅಂದುಕೊಂಡಿರಬೇಕು. ಆಮೇಲೆ ಸೋಮಮ್ಮನ ಮನೆಯಲ್ಲಿ ಎರಡು ಸಲ ಹಾಕಿಸಿಕೊಂಡು ಉಂಡೆ.

ವಾಪಸ್ ಬರುವಾಗ ಮಂಡ್ಯದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯಲು ನಿಲ್ಲಿಸಿದರು. ಒಬ್ಬ ಹುಡುಗ ಬೈಕಿನಿಂದ ಇಳಿದು ಹೆಲ್ಮೆಟ್ ತೆಗೆದು ಕೂದಲು ಸರಿ ಮಾಡಿಕೊಂಡ. ನಮ್ಮ ಹುಡುಗ ಮಾಡುತ್ತಿದ್ದದ್ದೂ ಹಾಗೇ. ಬೆಳಿಗ್ಗೆ ಮಳವಳ್ಳಿ ದಾಟಿದ ಮೇಲೆ ಆ ಹೊತ್ತಿನವರೆಗೆ ಸ್ವಾಮಿ ನನಗೆ ಒಂದು ಸಲವೂ ನೆನಪಾಗಿರಲಿಲ್ಲ. ಹೆತ್ತವಳು ನಾನು. ಅವನು ಹೋದ ಮೇಲೆ ಒಂದು ದಿನವಲ್ಲ, ಒಂದು ಹೊತ್ತೂ ಹಾಗಾಗಿದ್ದಿಲ್ಲ. ಲೋಟ ಕೆಳಗಿಟ್ಟು ಅಲ್ಲೇ ಬೆಂಚಿನ ಮೇಲೆ ಕೂತೆ. ನೀನು ಮೆಟ್ಟಿಲ ಮೇಲೆ ಕೂತೆ ಅಂತ ಬರೆದಿದ್ದೆಯಲ್ಲ, ಆಗ ಅರ್ಥವಾಯಿತು. ಚಿಕ್ಕಬೋರಮ್ಮ ಪಕ್ಕದಲ್ಲಿ ಬಂದು ಕೂತಳು. ಸ್ವಲ್ಪ ಹೊತ್ತಾದ ಮೇಲೆ ನನಗೆ ಟೀ ಬೇಕು ಅನ್ನಿಸಿತು. ಕುಡಿದೆ.

ಆದ್ದರಿಂದ ಶನಿವಾರದ ವಿಷಯ ನಮ್ಮಿಬ್ಬರ ನಡುವೆ ಮುಗಿಯಿತು. ನೀನು ಅದನ್ನು ಮತ್ತೆ ಎತ್ತಬೇಡ, ನಾನೂ ಎತ್ತುವುದಿಲ್ಲ.

ಆದರೆ ಇನ್ನೊಂದಿದೆ. ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ. ನಿನ್ನ ಸ್ನೇಹಿತರಿಗೆ ಅವನ ವಿಷಯವನ್ನೇ ಹೇಳಿಲ್ಲ ಅಂತ ಬರೆದಿದ್ದೀಯ. ಮೊದಲು ಓದಿದಾಗ ಹಾಗೇ ದಾಟಿಹೋಗಿದ್ದೆ. ಈಗ ನೋಡಿದರೆ, ಎಡೆಯ ದಿನ ಮರೆತದ್ದಕ್ಕಿಂತ ಅದು ಹೆಚ್ಚು ನೋಯುತ್ತದೆ. ಒಂದು ದಿನ ಮರೆತವರಿಗೆ ಮಾರನೇ ದಿನ ನೆನಪಾಗುತ್ತದೆ. ಆದರೆ ನೀನಿರುವ ಊರಿನಲ್ಲಿ ನನ್ನ ಮಗ ಹುಟ್ಟೇ ಇಲ್ಲ ಶೋಭಿತಾ. ಹೇಳಲೇಬೇಕು ಅಂತ ನಾನು ಹಟ ಮಾಡುವುದಿಲ್ಲ. ನೀನು ಅಲ್ಲಿಗೆ ಹೋದದ್ದು ಜನ ದನಿ ಇಳಿಸದ ಕಡೆ ಉಸಿರಾಡಲು ಅಂತ ನನಗೆ ಗೊತ್ತು. ನೋಯುತ್ತದೆ ಅಂತ ಮಾತ್ರ ಹೇಳಿದೆ. ನಿನ್ನ ಹತ್ತಿರ ಅಲ್ಲದೆ ಇನ್ಯಾರ ಹತ್ತಿರ ಹೇಳಲಿ.

ಪರೀಕ್ಷೆ ಚೆನ್ನಾಗಿ ಬರಿ. ಹೊಟ್ಟೆ ತುಂಬಾ ಊಟ ಮಾಡು.

ನಿನ್ನ ಅತ್ತೆ
ದೇವಿರಮ್ಮ

*

ಡ್ರೆಸ್ಡೆನ್
17 ಆಗಸ್ಟ್ 2025

ಪ್ರೀತಿಯ ಅತ್ತೆ,

ಪರೀಕ್ಷೆಗಳು ಮುಗಿದವು. ನಿನ್ನೆ ಮೂವರನ್ನೂ ನನ್ನ ರೂಮಿಗೆ ಊಟಕ್ಕೆ ಕರೆದಿದ್ದೆ. ನಾಟಿಕೋಳಿ ಇಲ್ಲಿ ಎಲ್ಲಿ ಸಿಗಬೇಕು, ಅಂಗಡಿಯ ಕೋಳಿಯಲ್ಲೇ ನಿಮ್ಮ ಹಾಗೆ ಸಾರು ಮಾಡಿದೆ. ಹುರಿದು ರುಬ್ಬುವಾಗ ಘಾಟು ಮೇಲಿನ ಮಹಡಿಯವರೆಗೂ ಹೋಗಿ, ಅಲ್ಲಿನವರು ಕೆಳಗಿಳಿದು ಬಂದು ಬಾಗಿಲು ತಟ್ಟಿದರು.

ಅನ್ನ ಒಲೆಯ ಮೇಲಿತ್ತು. ಊಟಕ್ಕೆ ಮುಂಚೆ ಹೇಳಬೇಕು ಅಂತ ಮನಸ್ಸಿನಲ್ಲಿ ಎಷ್ಟೋ ಸಲ ಹೇಳಿಕೊಂಡು ನೋಡಿದ್ದೆ. ಗೋಡೆಯ ಮೇಲೆ ನಿಮ್ಮ ಮಗನ ಫೋಟೋ ಅಂಟಿಸಿದ್ದೆ, ಮದ್ದೂರಿನ ಐಟಿಐ ಗೇಟಿನ ಮುಂದೆ ಹುಡುಗರ ಜೊತೆ ನಿಂತಿರುವುದು. ಇದು ಯಾರು ಅಂತ ಅಮೃತಳೇ ಕೇಳಿದಳು. ನನ್ನ ಗಂಡ, ಸ್ವಾಮಿ ಅಂದೆ. ಮೂರು ವರ್ಷದ ಹಿಂದೆ ಹೋದರು ಅಂದೆ. ಅಷ್ಟೇ ಅತ್ತೆ.

ಅಮೃತ ನನ್ನ ಕೈ ಹಿಡಿದುಕೊಂಡಳು. ಇನ್ನು ಇವರೂ ದನಿ ಇಳಿಸುತ್ತಾರೆ, ಇನ್ನು ಪಾತ್ರೆ ತೊಳೆಯದಿದ್ದರೂ ರಿನಿ ನನ್ನನ್ನು ಬೈಯುವುದಿಲ್ಲ ಅಂದುಕೊಂಡೆ. ಹೇಗೆ ಹೋದರು ಅಂತ ಕೇಳುತ್ತಾರೆ, ಯಾವ ರಸ್ತೆ, ಹೆಲ್ಮೆಟ್ ಇತ್ತಾ, ಯಾರ ತಪ್ಪು, ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡೆ. ಊರಿನಲ್ಲಿ ಹೇಳಿ ಹೇಳಿ ಬಾಯಿಪಾಠವಾಗಿದೆಯಲ್ಲ.

ರಿನಿ ಎದ್ದು ಹೋಗಿ ಫೋಟೋ ಹತ್ತಿರದಿಂದ ನೋಡಿದಳು. ಆಮೇಲೆ ತಿರುಗಿ, "ಇವರು ಹೇಗಿದ್ದರು?" ಅಂತ ಕೇಳಿದಳು.

ಅದನ್ನು ನನ್ನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾಕೆ ಕೇಳುತ್ತಾರೆ? ಮೊದಲು ಅವರು ನನ್ನನ್ನು ನೋಡಲು ಮಳವಳ್ಳಿಗೆ ಬಂದ ದಿನದ ಕಥೆ ಹೇಳಿದೆ. ಗಾಬರಿಯಲ್ಲಿ ಯಾರ ಮುಖವನ್ನೂ ನೋಡದೆ, ಎಲ್ಲರಿಗೂ ಅಂತ ಇಟ್ಟಿದ್ದ ನಿಪ್ಪಟ್ಟಿನ ತಟ್ಟೆಯನ್ನು ಒಬ್ಬರೇ ಖಾಲಿ ಮಾಡಿದ್ದು, ನೀವು ಪಕ್ಕದಿಂದ ತಿವಿದರೂ ನಿಲ್ಲಿಸದೆ ಇದ್ದದ್ದು, ನಮ್ಮಪ್ಪ ಒಳಗೆ ಬಂದು, "ಹುಡ್ಗ ಒಪ್ಪವ್ನೋ ಇಲ್ವೋ, ನಿಪ್ಪಟ್ಟಂತೂ ಒಪ್ಪವ್ನೆ" ಅಂದದ್ದು. ಡೇನಿಯಲ್ ನಕ್ಕುಬಿಟ್ಟ, ಆಮೇಲೆ ನಗಬಹುದೋ ಬಾರದೋ ಅಂತ ನನ್ನ ಮುಖ ನೋಡಿದ. ನಾನೇ ನಗುತ್ತಿದ್ದೆ. ಅವರು ಜೋಕು ಹೇಳಲು ಶುರು ಮಾಡಿ ಅರ್ಧಕ್ಕೇ ತಾವೇ ನಕ್ಕು ಮುಂದಕ್ಕೆ ಹೇಳಲಾರದೆ ಒದ್ದಾಡುತ್ತಿದ್ದದ್ದನ್ನು ಹೇಳಿದೆ. ನಾಯಿಗೆ ಹೆದರಿ ಬೀದಿ ಬಳಸಿ ಬರುತ್ತಿದ್ದದ್ದು, ಬಸ್ಸಿನಲ್ಲಿ ಎಲ್ಲರಿಗೂ ಸೀಟು ಬಿಟ್ಟುಕೊಟ್ಟು ಮನೆಗೆ ಬಂದು ಕಾಲುನೋವು ಅನ್ನುತ್ತಿದ್ದದ್ದು. ಒಂದು ಮುಗಿಯುತ್ತಿದ್ದ ಹಾಗೆ ರಿನಿ ಇನ್ನೊಂದು ಕೇಳುತ್ತಿದ್ದಳು. ನಡುವೆ ಒಂದು ಸಲ ಅತ್ತುಬಿಟ್ಟೆ. ಅತ್ತಿದ್ದಕ್ಕೆ ಯಾರೂ ಮಾತು ನಿಲ್ಲಿಸಲಿಲ್ಲ.

ಹೇಳುತ್ತಾ ಹೇಳುತ್ತಾ ಅನ್ನ ಸೀದುಹೋಯಿತು. ಸೀದ ವಾಸನೆ ಮೊದಲು ಬಂದದ್ದು ರಿನಿಗೆ. ಒಲೆ ಆರಿಸಲು ಓಡಿಹೋದವಳು ಅಲ್ಲಿಂದಲೇ, ಈ ಪಾತ್ರೆಯನ್ನು ಯಾರು ಉಜ್ಜುತ್ತಾರೆ ಅಂತ ನನ್ನ ಮೇಲೆ ಕೂಗಾಡಿದಳು.

ನಿಮ್ಮ ಸೊಸೆ
ಶೋಭಿತಾ